ಆಜ್ಞೆಯೂ ಕಾರಕವೂ: ಸ್ಕ್ರಿಪ್ಟಿನ ಮೂಲಕ ಗಣಕಕ್ಕೆ ಆಜ್ಞೆ ನೀಡುವಲ್ಲಿ ಪದಚ್ಛೇದದ ಪ್ರಶ್ನೆ (ಹರಿಹರದ ಶಾಸನಪಠ್ಯಗಳನ್ನು ಅನುಲಕ್ಷಿಸಿ)

ತುಂಗಭದ್ರೆಯ ದಡದ ಹರಿಹರದಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥ ಪೊಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವೂ ಅದರ ಆವರಣದ ಶಾಸನಗಳೂ ಕನ್ನಡ ಸಂಶೋಧಕರಿಗೆ ಸುಪರಿಚಿತ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟವು ಚಿತ್ರದುರ್ಗ ಜಿಲ್ಲೆಗೆ ಸಂಬಂಧಿಸಿದ್ದು, ಅದರಲ್ಲಿ ಹರಿಹರದ ಶಾಸನಗಳು ದಾವಣಗೆರೆ ತಾಲ್ಲೂಕಿನ ಅಡಿಯಲ್ಲಿ ಅಚ್ಚಾಗಿವೆ. ಇಂದು ಹರಿಹರವು ಸ್ವತಂತ್ರ ತಾಲ್ಲೂಕು. ದಾವಣಗೆರೆಯು 1997ರಿಂದ ಪ್ರತ್ಯೇಕ ಜಿಲ್ಲೆ. ಆದುದರಿಂದ ಈ ಶಾಸನಪಠ್ಯಗಳನ್ನು ಗಣಕಕ್ಕೆ ಅಳವಡಿಸಿ ಇಂದಿನ ತಾಲ್ಲೂಕುವಾರು ವಿಂಗಡಿಸಲು ಹೊರಟ ಸಂಶೋಧಕನು ಮೊದಲ ದಿನವೇ ‘ದಾವಣಗೆರೆ’ ಎಂಬ ಕಡತಕೋಶದಿಂದ ‘ಹರಿಹರ’ ಎಂಬ ಕಡತಕೋಶಕ್ಕೆ ಹಲವಾರು ಕಡತಗಳನ್ನು ಸಾಗಿಸಬೇಕಾಗುತ್ತದೆ. ಪುಟಗಳ ಚಿತ್ರಗಳಿಂದ ಅಕ್ಷರಗಳನ್ನು ಗುರುತಿಸುವುದು, ಕಡತಗಳಿಗೆ ಹೆಸರಿಡುವುದು, ಒಂದು ಪದಕ್ಕಾಗಿ ಎಲ್ಲ ಪಠ್ಯಗಳನ್ನೂ ಶೋಧಿಸುವುದು ಇತ್ಯಾದಿ ಕೆಲಸಗಳು ಇದರ ಬೆನ್ನಿಗೇ ಬರುತ್ತವೆ.

ಇಂಥ ಕೆಲಸವನ್ನು ಒಮ್ಮೆ ಮಾಡುವುದಾದರೆ ಕೈಯಿಂದಲೇ ಮಾಡಬಹುದು. ನೂರು ಸಲ ಮಾಡಬೇಕಾದಾಗ ಮಾಡಬೇಕಾದುದನ್ನೆಲ್ಲ ಕ್ರಮವಾಗಿ ಬರೆದಿಟ್ಟು ಗಣಕಕ್ಕೆ ಒಪ್ಪಿಸುವುದು ಅನಿವಾರ್ಯ. ಹಾಗೆ ಬರೆದಿಟ್ಟ ಕಿರುಬರಹವೇ ಸ್ಕ್ರಿಪ್ಟ್. ಸ್ಕ್ರಿಪ್ಟ್ ತಾನೇ ಅಕ್ಷರವನ್ನು ಗುರುತಿಸುವುದಿಲ್ಲ, ತಾನೇ ಹುಡುಕುವುದೂ ಇಲ್ಲ. ಆಯಾ ಕೆಲಸಕ್ಕೆಂದೇ ಇರುವ ಬೇರೆ ತಂತ್ರಾಂಶಗಳನ್ನು ಕಾರ್ಯಾಚರಣಾ ವ್ಯವಸ್ಥೆಯ ಮೂಲಕ ಕರೆದು, ಯಾವುದರ ಮೇಲೆ ಹೇಗೆ ಕೆಲಸ ಮಾಡಬೇಕೆಂದು ತಿಳಿಸುತ್ತದೆ. ಈ ತಿಳಿಸುವ ಕ್ರಮದಲ್ಲಿಯೇ ಹೆಚ್ಚಿನ ತೊಡಕುಗಳಿವೆ. ಅವು ಗಣಿತದ ತೊಡಕುಗಳಾಗಿರದೆ ಬಹುಮಟ್ಟಿಗೆ ಪದಚ್ಛೇದದ ತೊಡಕುಗಳಾಗಿರುವುದರಿಂದ ಕನ್ನಡ ಅಧ್ಯಾಪಕರಿಗೆ ಅಪರಿಚಿತವಾದವೇನೂ ಅಲ್ಲ. (ರೋಮನ್ ಲಿಪಿಯಲ್ಲಿ ಟೈಪು ಮಾಡಬೇಕಾದ ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಕಡತಗಳ ಹೆಸರುಗಳು ಮಾತ್ರ ಕನ್ನಡದಲ್ಲಿಯೇ ಇರತಕ್ಕವು.)

ಮೊದಲು ಪರಿಭಾಷೆಯ ಮಾತು. ಕಮಾಂಡ್ ಎಂಬುದಕ್ಕೆ ‘ಆಜ್ಞೆ’ ಎಂಬುದು ಸಲ್ಲುತ್ತದೆ. ‘ಆದೇಶ’ ಎಂಬ ಪದವನ್ನು ಬೇರೊಂದು ಕಾರಣಕ್ಕಾಗಿ ಕಾದಿಟ್ಟುಕೊಳ್ಳುವುದು ಲೇಸು. ಆಜ್ಞೆಯ ಜೊತೆಗೆ ಕೊಡುವ ಆರ್ಗ್ಯುಮೆಂಟುಗಳನ್ನು ‘ವಾದ’ ಎಂದು ಕನ್ನಡಿಸಿದರೆ ಅರ್ಥವೇ ಕೆಡುತ್ತದೆ. ಭಾಷಾವಿಜ್ಞಾನದಲ್ಲಿ ಕ್ರಿಯಾಪದದ ಆರ್ಗ್ಯುಮೆಂಟುಗಳೆಂದರೆ ಆ ಕ್ರಿಯೆಯು ಬಯಸುವ ನಾಮಪದಗಳು. ನಮ್ಮ ವ್ಯಾಕರಣ ಪರಂಪರೆಯಲ್ಲಿ ಅದಕ್ಕೆ ಅತ್ಯಂತ ಸಮೀಪದ ಪರಿಕಲ್ಪನೆ ಕಾರಕ. ಗಣಕದ ಆಜ್ಞೆಯೂ ವಿಧ್ಯರ್ಥದ ಒಂದು ಕ್ರಿಯಾಪದವೇ. ‘ನಕಲಿಸು’ ಎಂದರೆ ಯಾವುದನ್ನು, ಎಲ್ಲಿಗೆ ಎಂಬ ಆಕಾಂಕ್ಷೆ ಹುಟ್ಟುತ್ತದೆ. ಆ ಆಕಾಂಕ್ಷೆಯನ್ನು ಪೂರೈಸುವ ಪದಗಳೇ ಕಾರಕಗಳು. ಈ ಬರಹದಲ್ಲಿ ಆರ್ಗ್ಯುಮೆಂಟ್ ಎಂಬ ಅರ್ಥದಲ್ಲಿ ಕಾರಕ ಎಂಬ ಪದವನ್ನೇ ಬಳಸಲಾಗಿದೆ.

ಆದರೆ ಕನ್ನಡದ ಕಾರಕಕ್ಕೂ ಗಣಕದ ಕಾರಕಕ್ಕೂ ಒಂದು ದೊಡ್ಡ ಅಂತರವಿದೆ. ‘ದಾವಣಗೆರೆಯಿಂದ ಹರಿಹರಕ್ಕೆ ಸಾಗಿಸು’ ಎಂದರೂ ‘ಹರಿಹರಕ್ಕೆ ದಾವಣಗೆರೆಯಿಂದ ಸಾಗಿಸು’ ಎಂದರೂ ಕನ್ನಡದಲ್ಲಿ ಅರ್ಥ ಒಂದೇ. ಯಾವುದು ಮೂಲ, ಯಾವುದು ಗುರಿ ಎಂಬುದನ್ನು ವಿಭಕ್ತಿ ಪ್ರತ್ಯಯಗಳು ಹೇಳುತ್ತವೆ. ಪದಗಳ ಸ್ಥಾನ ಮುಖ್ಯವಲ್ಲ. ಯುನಿಕ್ಸ್ ಸಂಪ್ರದಾಯದ ನಕಲು ಆಜ್ಞೆಯಾದ ‘ಸಿಪಿ’ಗೆ ಈ ಸೌಕರ್ಯವಿಲ್ಲ. ‘ಸಿಪಿ ದಾವಣಗೆರೆ/ಶಾಸನ-3 ಹರಿಹರ/ಶಾಸನ-3’ ಎಂದಾಗ ಮೊದಲು ಬಂದುದು ಮೂಲ, ಅನಂತರ ಬಂದುದು ಗುರಿ. ಸ್ಥಾನವೇ ವಿಭಕ್ತಿ. ಹರಿಹರದ ಕೋಶದಲ್ಲಿರುವ ಪ್ರತಿಯನ್ನು ಶಿಲಾಶಾಸನದ ಅಚ್ಚಿನೊಡನೆ ಹೋಲಿಸಿ ತಿದ್ದಿದ ಮೇಲೆ ಯಾರಾದರೂ ಇವೆರಡನ್ನು ಅದಲುಬದಲು ಮಾಡದೆ ಅದೇ ಸ್ಕ್ರಿಪ್ಟನ್ನು ಮತ್ತೊಮ್ಮೆ ನಡೆಸಿದರೆ, ತಿದ್ದದ ಹಳೆಯ ಪಠ್ಯವು ತಿದ್ದಿದ ಪಠ್ಯದ ಮೇಲೆ ಕೂರುತ್ತದೆ. ಸಿಪಿ ಸಾಮಾನ್ಯವಾಗಿ ‘ಹೀಗೆ ಮಾಡಲೇ?’ ಎಂದು ಕೇಳುವುದಿಲ್ಲ. ಕೇಳಬೇಕೆಂದಿದ್ದರೆ ‘-ಐ’ ಎಂಬ ಸೂಚಕವನ್ನು ಆಜ್ಞೆಯಲ್ಲಿ ಸೇರಿಸಬೇಕು. ಇಂಥ ಅಡ್ಡಗೆರೆಯ ಸೂಚಕಗಳು ಒಂದು ಬಗೆಯಲ್ಲಿ ಪ್ರತ್ಯಯಗಳ ಕೆಲಸವನ್ನೇ ಮಾಡುತ್ತವೆ, ಆದರೆ ಪದದ ಹಿಂದೆ ಹತ್ತದೆ ಮುಂದೆ ನಿಲ್ಲುತ್ತವೆ. ಲಿನಕ್ಸ್‌ನ ಸಿಪಿಯಲ್ಲಿ ‘-ಟಿ’ ಎಂದು ಬರೆದು ಕೋಶದ ಹೆಸರು ಕೊಟ್ಟರೆ ಅದೇ ಗುರಿ ಎಂಬುದು ಸ್ಪಷ್ಟವಾಗುತ್ತದೆ. ಚತುರ್ಥಿಯ ‘ಕ್ಕೆ’ ಸಿಕ್ಕಂತೆ.

ಇನ್ನು ಪದಚ್ಛೇದ. ಶಾಸನ ಓದುವವರಿಗೆ ತಿಳಿದಂತೆ ಕಲ್ಲಿನ ಮೇಲೆ ಪದಗಳ ನಡುವೆ ಅಂತರವಿರುವುದಿಲ್ಲ. ಎಲ್ಲಿ ಬಿಡಿಸಬೇಕೆಂಬುದು ಓದುವವನ ವಿವೇಕಕ್ಕೆ ಬಿಟ್ಟದ್ದು. ಗಣಕದಲ್ಲಿ ಆ ಓದುವವನ ಸ್ಥಾನದಲ್ಲಿರುವುದು ಶೆಲ್ ಎಂಬ ತಂತ್ರಾಂಶ. 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದ ಯುನಿಕ್ಸ್‌ನೊಂದಿಗೆ ಬಂದು, 1979ರ ಬೋರ್ನ್ ಶೆಲ್‌ನಲ್ಲಿ ನೆಲೆಗೊಂಡ ಇದರ ನಿಯಮ ಸರಳವಾದುದು: ಖಾಲಿ ಜಾಗ ಕಂಡಲ್ಲಿ ಪದ ಮುಗಿಯಿತು. ಶೆಲ್ಲಿಗೆ ವಿವೇಕವಿಲ್ಲ, ಸಮಾಸಜ್ಞಾನವೂ ಇಲ್ಲ. ‘ಹರಿಹರ’ ಎಂಬುದು ಎರಡು ದೇವತೆಗಳು ಒಂದೇ ವಿಗ್ರಹದಲ್ಲಿ ಕೂಡಿ ಒಂದೇ ಊರಿನ ಹೆಸರಾದ ಸಮಾಸ. ಟೈಪು ಮಾಡುವವನು ‘ಹರಿ ಹರ’ ಎಂದು ನಡುವೆ ಒಂದು ಅಂತರ ಬಿಟ್ಟರೆ ಶೆಲ್ಲಿನ ಪಾಲಿಗೆ ಅವು ಎರಡು ಬೇರೆ ಕಾರಕಗಳು.

ಇದರ ಪರಿಣಾಮವನ್ನು ಒಂದು ಊಹಿತ ಉದಾಹರಣೆಯಿಂದ ಗ್ರಹಿಸಬಹುದು. ಸಂಶೋಧಕನ ಬಳಿ ‘ಹರಿಹರ’ ಎಂಬ ತಿದ್ದಿದ ಪಠ್ಯಗಳ ಕೋಶವೂ ‘ಹರಿಹರ ಕರಡು’ ಎಂಬ ಹಳೆಯ ಕೋಶವೂ ಇವೆ. ಕೆಲಸ ಮುಗಿದ ಮೇಲೆ ಕರಡನ್ನು ತೆಗೆಯಲು ಆತನ ಸ್ಕ್ರಿಪ್ಟಿನಲ್ಲಿ, ಕೋಶವನ್ನು ಒಳಗಿರುವುದರ ಸಮೇತ ಅಳಿಸುವ ‘ಆರ್‌ಎಂ -ಆರ್ ಹರಿಹರ ಕರಡು’ ಎಂಬ ಆಜ್ಞೆಯಿದೆ. ಶೆಲ್ ಇದನ್ನು ಎರಡು ಕಾರಕಗಳೆಂದು ಬಿಡಿಸಿ, ಮೊದಲು ‘ಹರಿಹರ’ವನ್ನು ಅಳಿಸುತ್ತದೆ, ಅನಂತರ ‘ಕರಡು’ ಎಂಬುದು ಸಿಗಲಿಲ್ಲವೆಂದು ದೂರುತ್ತದೆ. ಅಳಿಯಬೇಕಾದ ‘ಹರಿಹರ ಕರಡು’ ಹಾಗೆಯೇ ಉಳಿಯುತ್ತದೆ, ಉಳಿಯಬೇಕಾದುದು ಇಲ್ಲವಾಗುತ್ತದೆ. ಆರ್‌ಎಂ ಅಳಿಸಿದುದು ಮೇಜಿನ ಮೇಲಿನ ಕಸದಬುಟ್ಟಿಗೂ ಹೋಗುವುದಿಲ್ಲ.

ಇದು ಅತಿಶಯೋಕ್ತಿಯೆನಿಸಿದರೆ ಲೋಕಪ್ರಸಿದ್ಧವಾದ ಎರಡು ನಿದರ್ಶನಗಳನ್ನು ನೆನೆಯಬಹುದು. 2001ರ ನವೆಂಬರಿನಲ್ಲಿ ಆ್ಯಪಲ್ ಸಂಸ್ಥೆ ಬಿಡುಗಡೆ ಮಾಡಿದ ಐಟ್ಯೂನ್ಸ್ 2.0ರ ಅನುಸ್ಥಾಪನಾ ಸ್ಕ್ರಿಪ್ಟಿನಲ್ಲಿ ಡಿಸ್ಕಿನ ಹೆಸರನ್ನು ಉದ್ಧರಣ ಚಿಹ್ನೆಗಳಿಲ್ಲದೆ ಅಳಿಸುವ ಆಜ್ಞೆಗೆ ಕೊಡಲಾಗಿತ್ತು. ಹೆಸರಿನಲ್ಲಿ ಖಾಲಿ ಜಾಗವಿದ್ದ ಕೆಲವು ಬಳಕೆದಾರರ ಡಿಸ್ಕುಗಳ ದತ್ತಾಂಶವೇ ಅಳಿದುಹೋಗಿ, ಸಂಸ್ಥೆಯು ಕೂಡಲೇ ಅದನ್ನು ಹಿಂತೆಗೆದುಕೊಂಡು ತಿದ್ದಿದ ಆವೃತ್ತಿಯನ್ನು ಹೊರತರಬೇಕಾಯಿತು. 2011ರಲ್ಲಿ ಲಿನಕ್ಸ್‌ನ ಬಂಬಲ್‌ಬೀ ಎಂಬ ಯೋಜನೆಯ ಸ್ಕ್ರಿಪ್ಟಿನಲ್ಲಿ ಒಂದು ಕೋಶದ ಹೆಸರಿನ ನಡುವೆ ಅರಿಯದೆ ಬಿದ್ದ ಒಂದೇ ಒಂದು ಅಂತರದಿಂದಾಗಿ ವ್ಯವಸ್ಥೆಯ ಮುಖ್ಯ ಕೋಶವೊಂದು ಪೂರ್ತಿಯಾಗಿ ಅಳಿಯುವಂತಾಗಿತ್ತು. ಎರಡರಲ್ಲಿಯೂ ದೋಷವಿದ್ದುದು ಪದದ ಗಡಿಯಲ್ಲಿ.

ಶೆಲ್ ಪದಗಳನ್ನು ಬಿಡಿಸುವುದಷ್ಟನ್ನೇ ಮಾಡುವುದಿಲ್ಲ. ಒಂದರ ಸ್ಥಾನದಲ್ಲಿ ಮತ್ತೊಂದನ್ನು ತಂದು ಕೂರಿಸುತ್ತದೆ. ‘ಆದೇಶ’ ಎಂಬ ಪದವನ್ನು ಕಾದಿಟ್ಟುದು ಇದಕ್ಕಾಗಿ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಾಗ ಕಕಾರಕ್ಕೆ ಗಕಾರವು ಆದೇಶವಾಗಿ ಬರುವಂತೆ, ಶೆಲ್ಲಿನಲ್ಲಿ ಡಾಲರ್ ಚಿಹ್ನೆಯಿಂದ ಆರಂಭವಾಗುವ ಹೆಸರಿಗೆ ಅದರ ಮೌಲ್ಯವೂ, ನಕ್ಷತ್ರ ಚಿಹ್ನೆಗೆ ಹೊಂದುವ ಕಡತಗಳ ಪಟ್ಟಿಯೂ ಆದೇಶವಾಗಿ ಬರುತ್ತವೆ. ಇಲ್ಲಿ ಸೂತ್ರಗಳ ಪೌರ್ವಾಪರ್ಯ ಮುಖ್ಯ: ಮೊದಲು ಹೆಸರಿನ ಸ್ಥಾನದಲ್ಲಿ ಮೌಲ್ಯದ ಆದೇಶ, ಅನಂತರ ಬಂದುದರ ಛೇದ, ಆಮೇಲೆ ನಕ್ಷತ್ರಾದಿಗಳ ಆದೇಶ. ಆದುದರಿಂದ ಸ್ಕ್ರಿಪ್ಟಿನಲ್ಲಿ ‘ಕಡತ’ ಎಂಬ ಹೆಸರಿನ ಮೌಲ್ಯ ‘ಹರಿಹರ ಶಾಸನ 1224’ ಎಂದಿದ್ದರೆ, ನೋಡಲು ಒಂದೇ ಪದವಾದ ಆ ಹೆಸರು ಆದೇಶದ ಬಳಿಕ ಮೂರು ಪದಗಳಾಗಿ ಒಡೆಯುತ್ತದೆ. ಜೋಡಿ ಉದ್ಧರಣ ಚಿಹ್ನೆಗಳೊಳಗೆ ಇಟ್ಟರೆ ಆದೇಶ ನಡೆಯುತ್ತದೆ, ಛೇದ ನಡೆಯುವುದಿಲ್ಲ. ಒಂಟಿ ಉದ್ಧರಣ ಚಿಹ್ನೆಗಳೊಳಗೆ ಎರಡೂ ನಡೆಯುವುದಿಲ್ಲ. ಶೆಲ್ ಸ್ಕ್ರಿಪ್ಟ್ ಬರೆಯುವವರು ಈ ಒಂದು ಭೇದವನ್ನು ಕಂಠಸ್ಥ ಮಾಡಿಕೊಂಡರೆ ಅರ್ಧ ಕಷ್ಟ ಕಳೆದಂತೆ.

ಶಾಸನಕ್ಷೇತ್ರದವರಿಗೆ ಇಲ್ಲಿ ವಿಶೇಷವಾದ ಅಪಾಯವೊಂದಿದೆ. ಸಂದಿಗ್ಧ ಪಾಠಕ್ಕೆ ಪ್ರಶ್ನಚಿಹ್ನೆ, ತ್ರುಟಿತ ಅಕ್ಷರಕ್ಕೆ ಚೌಕ ಕಂಸ, ಸಂಪಾದಕನ ಸೂಚನೆಗೆ ದುಂಡು ಕಂಸ, ಟಿಪ್ಪಣಿಗೆ ನಕ್ಷತ್ರ: ಗ್ರಂಥಸಂಪಾದನೆಯಲ್ಲಿ ರೂಢಿಯಾದ ಇಂಥ ಚಿಹ್ನೆಗಳೆಲ್ಲವೂ ಶೆಲ್ಲಿನ ಸಂಕೇತಗಳೂ ಹೌದು. ಕಾಲನಿರ್ಣಯ ಸಂದಿಗ್ಧವೆಂದು ಸೂಚಿಸಲು ಕಡತಕ್ಕೆ ‘ಹರಿಹರ*’ ಎಂದು ಹೆಸರಿಟ್ಟು ಅದನ್ನೊಂದನ್ನೇ ಅಳಿಸಲು ಆಜ್ಞೆ ನೀಡಿದರೆ, ಹರಿಹರ ಎಂದು ಆರಂಭವಾಗುವ ಎಲ್ಲ ಕಡತಗಳೂ ಹೋಗುತ್ತವೆ. ‘ಹರಿ & ಹರ’ ಎಂದು ಬರೆದರಂತೂ ಶೆಲ್ ಅಲ್ಲಿಗೆ ಒಂದು ಆಜ್ಞೆಯನ್ನೇ ಮುಗಿಸಿ ಎರಡನೆಯದನ್ನು ಆರಂಭಿಸುತ್ತದೆ.

ಈ ತೊಡಕಿಗೆ ಮೂಲೋಚ್ಛೇದಕವಾದ ಪರಿಹಾರ ಒಂದಿದೆ: ಪದಚ್ಛೇದದ ಅಧಿಕಾರವನ್ನು ಶೆಲ್ಲಿಗೆ ಕೊಡದಿರುವುದು. ಯುನಿಕ್ಸ್ ಮತ್ತು ಲಿನಕ್ಸ್‌ಗಳ ಒಳಪದರದಲ್ಲಿ ಒಂದು ತಂತ್ರಾಂಶವನ್ನು ಆರಂಭಿಸುವಾಗ ಕಾರಕಗಳು ಸಾಗುವುದು ಒಂದು ವಾಕ್ಯವಾಗಿ ಅಲ್ಲ, ಬೇರೆಬೇರೆಯಾದ ಪದಗಳ ಪಟ್ಟಿಯಾಗಿ. ವಾಕ್ಯವನ್ನು ಪಟ್ಟಿಯಾಗಿಸುವುದೇ ಶೆಲ್ಲಿನ ಕೆಲಸ. ಸ್ಕ್ರಿಪ್ಟ್ ತಾನೇ ನೇರವಾಗಿ ಪಟ್ಟಿಯನ್ನು ಕೊಟ್ಟರೆ ಶೆಲ್ಲಿನ ಮಧ್ಯಸ್ಥಿಕೆಯೇ ಬೇಕಿಲ್ಲ. ಪೈಥಾನ್ ಭಾಷೆಯಲ್ಲಿ ಇವೆರಡು ದಾರಿಗಳೂ ಇವೆ. ‘ಓಎಸ್.ಸಿಸ್ಟಮ್’ ಎಂಬುದು ಇಡೀ ವಾಕ್ಯವನ್ನು ಶೆಲ್ಲಿನ ಕೈಗೆ ಒಪ್ಪಿಸುತ್ತದೆ. 2004ರಲ್ಲಿ ಪೈಥಾನ್ 2.4ರೊಂದಿಗೆ ಬಂದ ‘ಸಬ್‌ಪ್ರೊಸೆಸ್’ ಎಂಬ ಘಟಕವೂ, 2015ರಲ್ಲಿ ಅದಕ್ಕೆ ಸೇರಿದ ‘ರನ್’ ಎಂಬ ಕ್ರಿಯೆಯೂ ಪಟ್ಟಿಯನ್ನು ಸ್ವೀಕರಿಸುತ್ತವೆ. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ಹುಟ್ಟಿ 2005ರಲ್ಲಿ ಮುಕ್ತ ತಂತ್ರಾಂಶವಾದ ಟೆಸೆರ್ಯಾಕ್ಟ್ ಎಂಬ ಅಕ್ಷರಗ್ರಾಹಿಯನ್ನು ಕರೆಯುವ ಬಗೆ ಹೀಗೆ:

ಸಬ್‌ಪ್ರೊಸೆಸ್.ರನ್(["ಟೆಸೆರ್ಯಾಕ್ಟ್", "ಹರಿಹರ ಶಾಸನ 1224.ಟಿಫ್", "ಹರಿಹರ ಶಾಸನ 1224", "-ಎಲ್", "ಕನ್"])

ಚೌಕ ಕಂಸದೊಳಗೆ ಅಲ್ಪವಿರಾಮದಿಂದ ಬೇರ್ಪಟ್ಟ ಐದು ಪದಗಳಿವೆ. ಮೊದಲನೆಯದು ಆಜ್ಞೆ, ಎರಡನೆಯದು ಪುಟದ ಚಿತ್ರ, ಮೂರನೆಯದು ಹುಟ್ಟಬೇಕಾದ ಪಠ್ಯದ ಹೆಸರು, ಕೊನೆಯ ಎರಡು ‘ಭಾಷೆ ಕನ್ನಡ’ ಎಂಬ ಸೂಚನೆ. ಹೆಸರಿನೊಳಗಿನ ಖಾಲಿ ಜಾಗ ಹೆಸರಿನ ಭಾಗವಾಗಿಯೇ ತಲುಪುತ್ತದೆ. ನಕ್ಷತ್ರವಿದ್ದರೆ ನಕ್ಷತ್ರವಾಗಿಯೇ ತಲುಪುತ್ತದೆ. ‘-ಎಲ್ ಕನ್’ ಎಂದು ಎರಡನ್ನೂ ಒಂದೇ ಉದ್ಧರಣದೊಳಗೆ ಬರೆಯುವುದು ಹೊಸಬರ ಸಾಮಾನ್ಯ ತಪ್ಪು. ಆಗ ಅವೆರಡು ಕೂಡಿ ಒಂದೇ ಕಾರಕವಾಗಿ, ತಂತ್ರಾಂಶಕ್ಕೆ ಉದ್ದೇಶಿಸಿದ ಭಾಷೆಯ ಹೆಸರು ಸಿಗುವುದಿಲ್ಲ. ಇನ್ನೊಂದು ಎಚ್ಚರಿಕೆಯೂ ಬೇಕು: ಶೆಲ್ ಇಲ್ಲದಿದ್ದಾಗ ‘ಹರಿಹರ ಕೋಶದ ಎಲ್ಲ ಕಡತಗಳು’ ಎಂಬ ಅರ್ಥದ ನಕ್ಷತ್ರವನ್ನು ವಿಸ್ತರಿಸುವವರೂ ಇರುವುದಿಲ್ಲ. ಕಡತಗಳ ಪಟ್ಟಿಯನ್ನು ಸ್ಕ್ರಿಪ್ಟಿನಲ್ಲಿಯೇ ಮೊದಲು ಸಿದ್ಧಪಡಿಸಿಕೊಂಡು ಒಂದೊಂದನ್ನಾಗಿ ಕೊಡಬೇಕು.

ಹೀಗೆ ಕಾರಕವು ಅಖಂಡವಾಗಿ ತಲುಪಿದ ಮೇಲೆಯೂ ಎಲ್ಲವೂ ಮುಗಿಯಿತೆಂದು ತಿಳಿಯುವಂತಿಲ್ಲ. ಅಲ್ಲಿ ಎರಡನೆಯ ಓದುಗನಿದ್ದಾನೆ: ಆಜ್ಞೆಯನ್ನು ಪಾಲಿಸುವ ತಂತ್ರಾಂಶ. ಪದಗಳನ್ನು ಪ್ರಕೃತಿ-ಪ್ರತ್ಯಯಗಳಾಗಿ ಬಿಡಿಸಿ ನಡುವೆ ಅಡ್ಡಗೆರೆ ಹಾಕಿದ ಪಠ್ಯದಲ್ಲಿ ಚತುರ್ಥಿ ವಿಭಕ್ತಿಯ ರೂಪಗಳನ್ನು ಕಲೆಹಾಕಲು ಭಾಷಾಸಂಶೋಧಕನು ‘-ಕ್ಕೆ’ ಎಂದು ಹುಡುಕುವುದು ಸಹಜ. ವ್ಯಾಕರಣಗ್ರಂಥಗಳಲ್ಲಿ ಪ್ರತ್ಯಯವನ್ನು ಬರೆಯುವ ರೀತಿಯೇ ಅದು. ಆದರೆ ಶೋಧದ ಆಜ್ಞೆಯಾದ ‘ಗ್ರೆಪ್’ ಅಡ್ಡಗೆರೆಯಿಂದ ಆರಂಭವಾಗುವುದನ್ನೆಲ್ಲ ತನಗಿತ್ತ ಸೂಚಕವೆಂದೇ ಭಾವಿಸಿ, ಇಂಥ ಸೂಚಕ ತನಗೆ ತಿಳಿಯದೆಂದು ನಿಂತುಬಿಡುತ್ತದೆ. ಅದಕ್ಕೆ ಮುಂಚೆ ‘-ಇ’ ಎಂಬುದನ್ನು ಪ್ರತ್ಯೇಕ ಕಾರಕವಾಗಿ ಕೊಟ್ಟರೆ ಮುಂದಿನದು ಹುಡುಕಬೇಕಾದ ಪದವೆಂದು ಸ್ಪಷ್ಟವಾಗುತ್ತದೆ. ಬರಿಯ ಎರಡು ಅಡ್ಡಗೆರೆಗಳನ್ನು ಕೊಟ್ಟರೂ ‘ಸೂಚಕಗಳು ಇಲ್ಲಿಗೆ ಮುಗಿದವು’ ಎಂದಾಗುತ್ತದೆ. ಅಂತೆಯೇ ‘ಹ[ರಿ]ಹರ’ ಎಂದು ತ್ರುಟಿತಾಕ್ಷರದ ಗುರುತಿನೊಡನೆ ಹುಡುಕಿದರೆ ಗ್ರೆಪ್ ಆ ಕಂಸವನ್ನು ‘ಇವುಗಳಲ್ಲಿ ಯಾವುದಾದರೊಂದು’ ಎಂಬ ಸಂಕೇತವಾಗಿ ಗ್ರಹಿಸಿ, ಪಠ್ಯದಲ್ಲಿ ಕಂಸಸಹಿತವಾಗಿ ಇರುವ ರೂಪವನ್ನು ಬಿಟ್ಟುಬಿಡುತ್ತದೆ. ‘-ಎಫ್’ ಎಂಬ ಸೂಚಕವು ಅಕ್ಷರಶಃ ಇದ್ದಂತೆಯೇ ಹುಡುಕೆಂದು ಹೇಳುತ್ತದೆ.

ವಿಂಡೋಸ್‌ನಲ್ಲಿ ಸ್ಥಿತಿ ಬೇರೆ. ಅಲ್ಲಿ ಕಾರ್ಯಾಚರಣಾ ವ್ಯವಸ್ಥೆಯು ಹೊಸ ತಂತ್ರಾಂಶಕ್ಕೆ ಕೊಡುವುದು ಒಂದೇ ಅಖಂಡ ವಾಕ್ಯವನ್ನು. ಅದನ್ನು ಬಿಡಿಸಿಕೊಳ್ಳುವ ಹೊಣೆ ಆಯಾ ತಂತ್ರಾಂಶದ್ದು. ಪೈಥಾನ್ ಪಟ್ಟಿಯನ್ನು ಪಡೆದರೂ ಒಳಗೆ ಅದನ್ನು ರೂಢಿಯ ನಿಯಮಗಳಂತೆ ಒಂದು ವಾಕ್ಯವಾಗಿ ಹೆಣೆದು ಕಳುಹಿಸುತ್ತದೆ. ಬಹುತೇಕ ತಂತ್ರಾಂಶಗಳು ಅದೇ ನಿಯಮಗಳಿಂದ ಬಿಡಿಸಿಕೊಳ್ಳುವುದರಿಂದ ತೊಂದರೆಯಾಗದು. ಬ್ಯಾಚ್ ಕಡತಗಳ ವಿಷಯದಲ್ಲಿ ಮಾತ್ರ ನಿಯಮಗಳು ಬೇರೆಯಾಗಿದ್ದು, ಈ ವ್ಯತ್ಯಾಸವನ್ನು ದುರುಪಯೋಗಪಡಿಸಿಕೊಳ್ಳಬಹುದೆಂಬ ಸಂಗತಿ 2024ರ ಏಪ್ರಿಲಿನಲ್ಲಿ ರಸ್ಟ್ ಮೊದಲಾದ ಹಲವು ಭಾಷೆಗಳಿಗೆ ಸಂಬಂಧಿಸಿ ಬೆಳಕಿಗೆ ಬಂದಿತು. ಕನ್ನಡದ ದೃಷ್ಟಿಯಿಂದ ಮತ್ತೊಂದು ಅಂಶ: ವಿಂಡೋಸ್‌ನ ಹಳೆಯ ಎಂಟು ಬಿಟ್ಟಿನ ಸಂಕೇತಪುಟಗಳಲ್ಲಿ ಕನ್ನಡಕ್ಕೆ ಸ್ಥಾನವೇ ಇರಲಿಲ್ಲ. ಯೂನಿಕೋಡ್ ಅರಿಯದ ಹಳೆಯ ತಂತ್ರಾಂಶಕ್ಕೆ ಕನ್ನಡದ ಹೆಸರನ್ನು ಕಾರಕವಾಗಿ ಕೊಟ್ಟರೆ ಅದಕ್ಕೆ ತಲುಪುವುದು ಪ್ರಶ್ನಚಿಹ್ನೆಗಳ ಸಾಲು.

ಯೂನಿಕೋಡ್ ಅರಿತ ವ್ಯವಸ್ಥೆಯಲ್ಲಿಯೂ ಕನ್ನಡದ ಹೆಸರಿಗೆ ತನ್ನದೇ ಆದ ಸೂಕ್ಷ್ಮಗಳಿವೆ. ‘ಹರಿಹರೇಶ್ವರ’ ಎಂಬುದು ಓದುವವನಿಗೆ ಆರು ಅಕ್ಷರ. ಯೂನಿಕೋಡಿನಲ್ಲಿ ಹತ್ತು ಸಂಕೇತ. ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ ಮೂರರಂತೆ ಮೂವತ್ತು ಬೈಟ್. ಲಿನಕ್ಸ್‌ನ ಸಾಮಾನ್ಯ ಕಡತವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟುಗಳ ಮಿತಿಯಿದೆ, ಎಂದರೆ ಕನ್ನಡಕ್ಕೆ 85 ಸಂಕೇತಗಳು ಮಾತ್ರ. ಶಾಸನದ ಊರು, ರಾಜ, ಕಾಲ, ವಿಷಯಗಳನ್ನೆಲ್ಲ ಕಡತದ ಹೆಸರಿನಲ್ಲಿ ತುಂಬುವ ಅಭ್ಯಾಸವಿರುವವರು ಇದನ್ನು ಗಮನಿಸಬೇಕು. ಇದಕ್ಕಿಂತ ಗೂಢವಾದುದು ‘ರೇ’ ಎಂಬಲ್ಲಿನ ದೀರ್ಘ. ಏತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವದ ಚಿಹ್ನೆ ಮತ್ತು ದೀರ್ಘದ ಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಯೂನಿಕೋಡ್ ಇವೆರಡನ್ನೂ ಸಮಾನವೆಂದು ಹೇಳುತ್ತದೆ, ಕಣ್ಣಿಗೂ ಭೇದ ಕಾಣದು. ಆದರೆ ಎರಡನೆಯ ರೂಪದಲ್ಲಿ ಹೆಸರು 33 ಬೈಟುಗಳಾಗುವುದರಿಂದ ಲಿನಕ್ಸ್‌ಗೆ ಅದು ಬೇರೆಯೇ ಕಡತ. ಆ್ಯಪಲ್‌ನ ಹಳೆಯ ಕಡತವ್ಯವಸ್ಥೆಯು ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಸಂಗ್ರಹಿಸುತ್ತಿತ್ತು. ಅಲ್ಲಿಂದ ತಂದ ‘ಹರಿಹರೇಶ್ವರ’ವನ್ನು ಲಿನಕ್ಸ್‌ನಲ್ಲಿ ಟೈಪು ಮಾಡಿ ಕರೆದರೆ ‘ಇಲ್ಲ’ ಎಂಬ ಉತ್ತರ ಬರಲು ಇದೊಂದು ಕಾರಣ. ಹೆಸರುಗಳನ್ನು ಆಜ್ಞೆಗೆ ಕೊಡುವ ಮುನ್ನ ಒಂದೇ ರೂಪಕ್ಕೆ ತರುವ ಸೌಲಭ್ಯ ಪೈಥಾನ್‌ನ ‘ಯೂನಿಕೋಡ್‌ಡೇಟಾ’ ಘಟಕದಲ್ಲಿದೆ.

ಸಂಶೋಧನೆಯ ದೃಷ್ಟಿಯಿಂದ ಇವೆಲ್ಲಕ್ಕಿಂತ ಮುಖ್ಯವಾದುದು ಆಜ್ಞೆ ಹಿಂದಿರುಗಿಸುವ ಉತ್ತರ. ಪ್ರತಿಯೊಂದು ಆಜ್ಞೆಯೂ ಮುಗಿದಾಗ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. ಸಾಮಾನ್ಯವಾಗಿ ಸೊನ್ನೆಯೆಂದರೆ ಕೆಲಸ ಸಾಂಗವಾಯಿತೆಂದರ್ಥ. ಗ್ರೆಪ್ ವಿಷಯದಲ್ಲಿ ಈ ಸಂಖ್ಯೆ ಮೂರು ಬಗೆ: ಪದ ಸಿಕ್ಕರೆ 0, ಹುಡುಕಿದರೂ ಸಿಗದಿದ್ದರೆ 1, ಕಡತವನ್ನು ತೆರೆಯಲಾಗದಿದ್ದರೆ ಅಥವಾ ಬೇರೆ ದೋಷವಾದರೆ 2. ‘ಹರಿಹರದ ಶಾಸನಗಳಲ್ಲಿ ಈ ಪದದ ಪ್ರಯೋಗವಿಲ್ಲ’ ಎಂದು ಪ್ರಬಂಧದಲ್ಲಿ ಬರೆಯಲು 1 ಆಧಾರವಾದೀತು, 2 ಆಗದು. ‘ಇಲ್ಲ’ ಎಂಬುದಕ್ಕೂ ‘ನೋಡಲಿಲ್ಲ’ ಎಂಬುದಕ್ಕೂ ಇರುವ ಅಂತರ ಅದು. ಅವಸರದಲ್ಲಿ ಬರೆದ ಸ್ಕ್ರಿಪ್ಟು ಈ ಸಂಖ್ಯೆಯನ್ನು ಓದುವುದೇ ಇಲ್ಲ. ಹೆಸರಿನಲ್ಲಿ ಅಂತರವಿದ್ದ ಕಡತಗಳೆಲ್ಲ ತೆರೆಯದೆ ಉಳಿದರೂ ಕೊನೆಗೆ ಒಂದು ಮೊತ್ತವನ್ನು ಅಚ್ಚುಕಟ್ಟಾಗಿ ಮುದ್ರಿಸುತ್ತದೆ. ಪೈಥಾನ್‌ನ ‘ರನ್’ಗೆ ‘ಚೆಕ್’ ಎಂಬ ಸೂಚನೆ ಕೊಟ್ಟರೆ ಸೊನ್ನೆಯಲ್ಲದ ಯಾವ ಸಂಖ್ಯೆ ಬಂದರೂ ಸ್ಕ್ರಿಪ್ಟು ನಿಲ್ಲುತ್ತದೆ. ಅಕ್ಷರಗ್ರಹಣ, ನಕಲುಗಳಿಗೆ ಇದು ಸರಿ. ಗ್ರೆಪ್‌ಗೆ 1 ಎಂಬುದು ದೋಷವಲ್ಲವಾದುದರಿಂದ ಅಲ್ಲಿ ‘ರಿಟರ್ನ್‌ಕೋಡ್’ ಎಂಬಲ್ಲಿ ಬಂದ ಸಂಖ್ಯೆಯನ್ನೇ ಓದಿ, ಯಾವ ಕಡತಕ್ಕೆ ಯಾವ ಸಂಖ್ಯೆ ಎಂದು ಪಟ್ಟಿ ಮಾಡಿಡುವುದು ಯುಕ್ತ. ಪಾಠಾಂತರಗಳ ಪಟ್ಟಿಯಂತೆ ಈ ಪಟ್ಟಿಯೂ ಪ್ರಬಂಧದ ಅನುಬಂಧದಲ್ಲಿರಲು ಅರ್ಹ.

ಸಂಖ್ಯೆಯೂ ಹಿಡಿಯಲಾರದ ಒಂದು ಸಂದರ್ಭವಿದೆ. 2000ದ ದಶಕದಲ್ಲಿ ಕನ್ನಡದ ಬಹಳಷ್ಟು ಪ್ರಬಂಧಗಳೂ ಶಾಸನಪಠ್ಯಗಳೂ ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪಾದವು. ಅವುಗಳಲ್ಲಿ ತೆರೆಯ ಮೇಲೆ ಕಾಣುವುದು ಕನ್ನಡವಾದರೂ ಕಡತದೊಳಗಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತಗಳು. ಅಂಥ ಕಡತಗಳಲ್ಲಿ ಯೂನಿಕೋಡಿನ ‘ಹರಿಹರ’ವನ್ನು ಹುಡುಕಿದರೆ ಗ್ರೆಪ್ ಕಡತವನ್ನು ಸರಿಯಾಗಿಯೇ ತೆರೆದು, ಕೊನೆಯವರೆಗೂ ನೋಡಿ, 1 ಎಂದು ಉತ್ತರಿಸುತ್ತದೆ. ಆದುದರಿಂದ ಪದಶೋಧಕ್ಕೆ ಮುನ್ನ ಪ್ರತಿ ಕಡತದಲ್ಲಿಯೂ ಯೂನಿಕೋಡ್ ಕನ್ನಡದ ಒಂದು ಸಂಕೇತವಾದರೂ ಇದೆಯೇ ಎಂದು ಸ್ಕ್ರಿಪ್ಟಿನಿಂದಲೇ ಪರೀಕ್ಷಿಸಿ, ಇಲ್ಲದವನ್ನು ಪರಿವರ್ತನೆಗೆಂದು ಬೇರೆ ಕೋಶದಲ್ಲಿ ತೆಗೆದಿಡಬೇಕು. ಆ ಕೋಶದ ಹೆಸರಿನಲ್ಲಿ ಖಾಲಿ ಜಾಗವಿಲ್ಲದಿದ್ದರೆ ಇನ್ನೂ ಒಳ್ಳೆಯದು.